ದಾಸೋಹವೂ ತೆರಿಗೆಯ ಲೆಕ್ಕವೂ

ಶರಣಧರ್ಮದಲ್ಲಿ ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತಿಗೆ ಹಿರಿದಾದ ಸ್ಥಾನವುಂಟು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಳ್ಳುವವನ ಕೈ ಕೆಳಗಿರುತ್ತದೆ. ಕೊಟ್ಟೆನೆಂಬ ಅಹಂಕಾರವು ಅಲ್ಲಿ ಸುಲಭವಾಗಿ ಮೊಳೆಯುತ್ತದೆ. ದಾಸೋಹದಲ್ಲಾದರೋ ಕೊಡುವವನೇ ದಾಸನು. ಕಾಯಕದಿಂದ ಬಂದುದು ಶಿವನ ಸೊತ್ತು, ತಾನು ಅದನ್ನು ಕಾಯುವವನು ಮಾತ್ರ ಎಂದು ತಿಳಿದು, ಅದನ್ನು ಗುರು ಲಿಂಗ ಜಂಗಮಕ್ಕೆ ಸವೆಸುವುದೇ ದಾಸೋಹ. ಹೀಗಿರುವಲ್ಲಿ, ತಾನು ಕೊಟ್ಟ ವಸ್ತುವಿಗೆ ಬೆಲೆ ಕಟ್ಟಿ, ಆ ಬೆಲೆಯನ್ನು ಕಾಗದದ ಮೇಲೆ ಬರೆದು, ಅದರ ಆಧಾರದಿಂದ ಸರಕಾರಕ್ಕೆ ಸಲ್ಲಬೇಕಾದ ತೆರಿಗೆಯನ್ನು ಕಡಿಮೆ ಮಾಡಿಕೊಳ್ಳುವ ಭಕ್ತನನ್ನು ಏನೆಂದು ಕರೆಯಬೇಕು? ಅವನು ದಾಸೋಹಿಯೋ, ವ್ಯಾಪಾರಿಯೋ?

ಈ ಪ್ರಶ್ನೆ ಬರಿಯ ಕಲ್ಪನೆಯದಲ್ಲ. ಕನ್ನಡ ನಾಡಿನಿಂದ ಹೋಗಿ ಅಮೆರಿಕದಲ್ಲಿ ನೆಲಸಿರುವ ಲಿಂಗಾಯತ ಗೃಹಸ್ಥರ ಮುಂದೆ ಅದು ವರುಷ ವರುಷವೂ ಬಂದು ನಿಲ್ಲುತ್ತದೆ. ಧರ್ಮಕಾರ್ಯಕ್ಕೆ ಕೊಟ್ಟುದನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯುವ ಏರ್ಪಾಡು ಆ ದೇಶದಲ್ಲಿ 1917ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜಾರಿಗೆ ಬಂದಿತು. ಅಲ್ಲಿ ಹಣಕ್ಕೆ ಮಾತ್ರವಲ್ಲದೆ ವಸ್ತುರೂಪದ ಕೊಡುಗೆಗೂ ಈ ಕಡಿತವುಂಟು. ವರ್ಷದ ಕೊನೆಗೆ ಗೃಹಸ್ಥನು ಮನೆಯ ಕಪಾಟುಗಳನ್ನು ತೆಗೆಯುತ್ತಾನೆ. ಮಕ್ಕಳಿಗೆ ಚಿಕ್ಕದಾದ ಅಂಗಿಗಳು, ಚಳಿಗಾಲದ ಕೋಟುಗಳು, ಮೇಜು, ಮಂಚ, ಪಾತ್ರೆ, ಪುಸ್ತಕ ಇವನ್ನೆಲ್ಲ ಗಂಟು ಕಟ್ಟಿ ಯಾವುದಾದರೊಂದು ಧರ್ಮಸಂಸ್ಥೆಗೆ ಒಯ್ದು ಒಪ್ಪಿಸುತ್ತಾನೆ. ಸಂಸ್ಥೆಯವರು ರಶೀದಿ ಕೊಡುತ್ತಾರೆ. ಆ ರಶೀದಿಯಲ್ಲಿ ಏನೇನು ಬಂದಿತೆಂಬುದು ಇರುತ್ತದೆ. ಅದರ ಬೆಲೆ ಎಷ್ಟೆಂಬುದನ್ನು ಸಂಸ್ಥೆಯು ಬರೆಯಬೇಕಾಗಿಲ್ಲ. ಬೆಲೆ ಕಟ್ಟುವ ಹೊಣೆ ಕೊಟ್ಟವನದೇ.

ಅಲ್ಲಿಯ ಕಟ್ಟಳೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಖರ್ಚುಗಳನ್ನು ಬಾಬುವಾರು ತೋರಿಸಿ ಕಡಿತ ಕೇಳುವವರಿಗೆ ಮಾತ್ರ ವಸ್ತುದಾನದಿಂದ ತೆರಿಗೆಯಲ್ಲಿ ಲಾಭವುಂಟು. ಎಲ್ಲರಿಗೂ ಇರುವ ನಿಗದಿಯ ಕಡಿತವನ್ನೇ ತೆಗೆದುಕೊಳ್ಳುವವರಿಗೆ ಇಲ್ಲ. 250 ಡಾಲರು ಅಥವಾ ಅದಕ್ಕೂ ಮೇಲ್ಪಟ್ಟ ಕೊಡುಗೆಗೆ ಸಂಸ್ಥೆಯ ಲಿಖಿತ ಸ್ವೀಕೃತಿ ಬೇಕು. ವರ್ಷದ ವಸ್ತುದಾನಕ್ಕೆ ಕೇಳುವ ಕಡಿತ 500 ಡಾಲರನ್ನು ಮೀರಿದರೆ 8283 ಎಂಬ ಸಂಖ್ಯೆಯ ನಮೂನೆಯನ್ನು ತುಂಬಿ ತೆರಿಗೆಯ ಪತ್ರದೊಡನೆ ಲಗತ್ತಿಸಬೇಕು. ಒಂದು ವಸ್ತುವಿನ ಅಥವಾ ಒಂದೇ ಬಗೆಯ ವಸ್ತುಗಳ ಬೆಲೆ 5000 ಡಾಲರನ್ನು ಮೀರಿದರೆ ಸಾಮಾನ್ಯವಾಗಿ ಅರ್ಹನಾದ ಬೆಲೆಗಾರನಿಂದ ಮೌಲ್ಯಪತ್ರ ಪಡೆಯಬೇಕು. ಬೆಲೆಯೆಂದರೆ ಕೊಂಡಾಗ ತೆತ್ತ ಬೆಲೆಯಲ್ಲ. ಒತ್ತಾಯವಿಲ್ಲದೆ ಮಾರುವವನೂ ಒತ್ತಾಯವಿಲ್ಲದೆ ಕೊಳ್ಳುವವನೂ ಸಂಗತಿಯನ್ನು ಅರಿತು ಒಪ್ಪಿಕೊಳ್ಳುವ ಇಂದಿನ ಪೇಟೆಯ ಬೆಲೆಯೇ ಬೆಲೆ. 100 ಡಾಲರಿಗೆ ಕೊಂಡು ನಾಲ್ಕು ಚಳಿಗಾಲ ತೊಟ್ಟ ಕೋಟಿಗೆ ಹಳೆಯ ಬಟ್ಟೆಯ ಅಂಗಡಿಯಲ್ಲಿ 15 ಡಾಲರು ಬಂದರೆ, ಅದರ ಬೆಲೆ 15 ಡಾಲರೇ.

ಈಗ ಮೊದಲನೆಯ ಪ್ರಶ್ನೆಗೆ ಬರಬಹುದು. ಲೆಕ್ಕವಿಡುವುದರಿಂದಲೇ ದಾಸೋಹವು ಕೆಡುವುದೆ? ಕೆಡದು. ದಾಸೋಹದ ಮೂಲಪುರುಷರಾದ ಬಸವಣ್ಣನವರೇ ಲೆಕ್ಕದ ಕಾಯಕ ಮಾಡಿದವರು, ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಅರಸನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿತ್ತಾಗ, ಅವರು ಭಂಡಾರವನ್ನು ತೆರೆದು ತೋರಿಸಿದರೆಂದೂ, ಎಣಿಸಿ ನೋಡಿದಲ್ಲಿ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಶರಣರ ಚರಿತೆಗಳು ಹೇಳುತ್ತವೆ. ಇದನ್ನು ಪವಾಡವೆಂದು ಮಾತ್ರ ಕೇಳಿ ಕೈಮುಗಿಯುವುದುಂಟು. ಆದರೆ ಗೃಹಸ್ಥನು ಅದರಲ್ಲಿ ಕಾಣಬೇಕಾದ ನೀತಿ ಬೇರೊಂದಿದೆ. ದಾಸೋಹಿಯು ಲೆಕ್ಕ ಕೇಳಿದರೆ ಅಂಜುವವನಲ್ಲ. ಅವನ ಧರ್ಮಕಾರ್ಯವು ಅರಸನ ಹಣದಿಂದ ನಡೆಯುವಂಥದಲ್ಲ. ಅರಸನದು ಅರಸನಿಗೆ ಪೂರ್ತಿಯಾಗಿ ಉಳಿದಿರಬೇಕು. ದಾಸೋಹವು ತನ್ನ ಸತ್ಯಶುದ್ಧ ಕಾಯಕದಿಂದಲೇ ನಡೆಯಬೇಕು.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಕಾಗದದ ಮೇಲೆ ಬರೆಯುವ ಅಂಕಿಯು ನಿಜಕ್ಕಿಂತ ಹೆಚ್ಚಾದರೆ ಆ ಹೆಚ್ಚಿನ ಪಾಲನ್ನು ತೆರುವವರು ಯಾರು? ನೂರಕ್ಕೆ 22ರ ದರದಲ್ಲಿ ತೆರಿಗೆ ಕೊಡುವ ಒಬ್ಬ ಗೃಹಸ್ಥನು 200 ಡಾಲರು ಬಾಳುವ ಬಟ್ಟೆಬರೆಗಳನ್ನು ಕೊಟ್ಟು 1000 ಡಾಲರು ಎಂದು ಬರೆದನೆನ್ನಿ. ನ್ಯಾಯವಾಗಿ ಅವನ ತೆರಿಗೆಯಲ್ಲಿ 44 ಡಾಲರು ಇಳಿಯಬೇಕಿತ್ತು. ಈಗ 220 ಡಾಲರು ಇಳಿಯಿತು. ನಡುವಣ 176 ಡಾಲರು ಯಾವ ಬಡವನಿಗೂ ಸೇರಲಿಲ್ಲ. ಅದು ಕೊಟ್ಟವನ ಜೇಬಿಗೇ ಮರಳಿತು. ಆ ಕೊರತೆಯನ್ನು ಅವನ ನೆರೆಹೊರೆಯವರು ತುಂಬಬೇಕು. ರಸ್ತೆಗೆ, ಶಾಲೆಗೆ, ಮುದುಕರ ಔಷಧಿಗೆ ಸಲ್ಲಬೇಕಾದ ಹಣದಲ್ಲಿ ಅಷ್ಟು ಕಡಿಮೆಯಾಯಿತು. ಒಂದು ಕೈಯಿಂದ ಅಂಗಿಯನ್ನು ಕೊಟ್ಟು ಇನ್ನೊಂದು ಕೈಯಿಂದ ಅದಕ್ಕೂ ಮಿಗಿಲಾದುದನ್ನು ಕಾಣದಂತೆ ತೆಗೆದುಕೊಂಡವನನ್ನು ದಾನಿಯೆಂದು ಕರೆಯುವುದೂ ಸಲ್ಲದು. ದಾಸೋಹಿಯೆಂಬ ಮಾತಂತೂ ದೂರ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನೆನಪು ಬರುತ್ತದೆ. ಅವರ ಪತಿ ಮಾರಯ್ಯನವರ ಕಾಯಕ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಿಂದ ಆ ದಂಪತಿಗಳ ದಾಸೋಹ ನಡೆಯುತ್ತಿತ್ತು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಕಳವಲ್ಲ, ಬೇಡಿದುದಲ್ಲ, ನೆಲದ ಮೇಲೆ ಬಿದ್ದಿದ್ದ ಅಕ್ಕಿ. ತಂದುದೂ ಜಂಗಮದಾಸೋಹಕ್ಕಾಗಿಯೇ. ಆದರೂ ಲಕ್ಕಮ್ಮನವರು ಒಪ್ಪಲಿಲ್ಲ. ನಿತ್ಯದ ಅಳತೆಗೆ ಮೀರಿದುದನ್ನು ತಂದ ಮನಸ್ಸಿನಲ್ಲಿ ಆಸೆ ಹೊಕ್ಕಿದೆಯೆಂದು ಎಚ್ಚರಿಸಿ, ಹೆಚ್ಚಾದ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದರು.

ತೆರಿಗೆಯ ನಮೂನೆಯ ಮೇಲೆ ನಿಜಬೆಲೆಗೆ ಮೀರಿ ಬರೆದ ಅಂಕಿ ಆ ಹೆಚ್ಚಿನ ಅಕ್ಕಿಯಂತೆಯೇ. ವಾಸ್ತವವಾಗಿ ಅದಕ್ಕಿಂತಲೂ ಕೀಳು. ಮಾರಯ್ಯನವರ ಅಕ್ಕಿಗೆ ಒಡೆಯನು ಅಡ್ಡಿ ಮಾಡಿರಲಿಲ್ಲ. ಇಲ್ಲಿ ಕಾನೂನೇ ಅಡ್ಡಿ ಮಾಡಿದೆ. ಆ ಅಕ್ಕಿ ಜಂಗಮರ ಎಡೆಗೆ ಬೀಳಲಿತ್ತು. ಈ ಹಣ ಬರೆದವನ ಪೆಟ್ಟಿಗೆಗೆ ಬೀಳುತ್ತದೆ.

ಹೀಗೆ ಹೇಳಿದಾಗ ಲೋಕದಲ್ಲಿ ಕೆಲವು ಸಮಾಧಾನಗಳು ಕೇಳಿಬರುತ್ತವೆ. ಕೊಂಡಾಗ ಅಷ್ಟು ಬೆಲೆ ಕೊಟ್ಟಿದ್ದೆನಲ್ಲ ಎಂಬುದು ಒಂದು. ಆದರೆ ಆ ಬೆಲೆಯ ಬಹುಪಾಲನ್ನು ತೊಟ್ಟವರೇ ತೊಟ್ಟು ತೀರಿಸಿದ್ದಾರೆ. ಕೊಟ್ಟುದು ಉಳಿದುದನ್ನು ಮಾತ್ರ. ಸಣ್ಣ ಮೊತ್ತವನ್ನು ಯಾರು ವಿಚಾರಿಸುತ್ತಾರೆ ಎಂಬುದು ಇನ್ನೊಂದು. ಬೆಲೆಯನ್ನು ವಿಪರೀತವಾಗಿ ಏರಿಸಿದವರಿಗೆ ಆ ದೇಶದ ಕಾನೂನು ದಂಡವನ್ನಿಟ್ಟಿದೆ. ಹೇಳಿದ ಬೆಲೆ ನಿಜಬೆಲೆಯ ಒಂದೂವರೆ ಪಟ್ಟು ಮುಟ್ಟಿದರೆ ಕೊರತೆಬಿದ್ದ ತೆರಿಗೆಯ ಮೇಲೆ ನೂರಕ್ಕೆ 20, ಎರಡು ಪಟ್ಟು ಮುಟ್ಟಿದರೆ ನೂರಕ್ಕೆ 40. ಆದರೆ ತೆರಿಗೆಯ ಕೊರತೆ 5000 ಡಾಲರನ್ನು ಮೀರಿದಾಗಲೇ ಈ ದಂಡದ ಮಾತು. ಚಿಕ್ಕ ಗಂಟಿನ ಚಿಕ್ಕ ಸುಳ್ಳನ್ನು ಅದು ಮುಟ್ಟುವುದಿಲ್ಲ. ಅಲ್ಲಿ ನೋಡುವ ಅಧಿಕಾರಿಯಿಲ್ಲ. ಕರಸ್ಥಲದ ಲಿಂಗವೊಂದೇ ಸಾಕ್ಷಿ. ಲಿಂಗವನ್ನು ಧರಿಸಿದವನಿಗೆ ಯಾರೂ ಕಾಣದ ಜಾಗವೆಂಬುದು ಎಲ್ಲಿಯೂ ಇರದು.

ಕೊಡುವ ವಸ್ತುವಿನ ವಿಷಯದಲ್ಲಿಯೂ ಯೋಚಿಸಬೇಕಾದುದಿದೆ. ಹರಿದ ಬಟ್ಟೆ, ಒಡೆದ ಪಾತ್ರೆ, ಕೆಟ್ಟ ಯಂತ್ರ ಇವನ್ನು ಧರ್ಮಸಂಸ್ಥೆಯ ಬಾಗಿಲಲ್ಲಿ ಇಳಿಸಿ ಬರುವುದು ಮನೆಯ ಕಸವನ್ನು ಗುಡಿಸಿದಂತೆ ಆಯಿತೇ ಹೊರತು ಕೊಟ್ಟಂತಾಗಲಿಲ್ಲ. ಬಟ್ಟೆಗಳೂ ಗೃಹೋಪಯೋಗಿ ಸಾಮಾನುಗಳೂ ಒಳ್ಳೆಯ ಸ್ಥಿತಿಯಲ್ಲಿದ್ದರೆ ಮಾತ್ರ ಸಾಮಾನ್ಯವಾಗಿ ಕಡಿತವುಂಟೆಂದು 2006ರಲ್ಲಿ ಅಮೆರಿಕದ ಕಾನೂನು ನಿಯಮಿಸಿತು. ಮೋಟಾರು ವಾಹನಗಳ ವಿಷಯದಲ್ಲಿ 2005ರಿಂದ ಇನ್ನೂ ಬಿಗಿಯಾದ ಕಟ್ಟಳೆಯಿದೆ. 500 ಡಾಲರಿಗಿಂತ ಹೆಚ್ಚಿನ ಕಡಿತ ಕೇಳುವಲ್ಲಿ, ಸಂಸ್ಥೆಯು ಆ ವಾಹನವನ್ನು ಮಾರಿದರೆ, ಮಾರಿ ಬಂದ ಹಣಕ್ಕಿಂತ ಹೆಚ್ಚನ್ನು ಕೊಟ್ಟವನು ಸಾಮಾನ್ಯವಾಗಿ ಕೇಳುವಂತಿಲ್ಲ. ಕೊಟ್ಟವನ ಲೆಕ್ಕವೂ ಕೊಂಡವರಿಗೆ ಆದ ಉಪಕಾರವೂ ಒಂದಕ್ಕೊಂದು ಹೊಂದಬೇಕೆಂಬುದೇ ಇದರ ತಾತ್ಪರ್ಯ. ಲಿಂಗಕ್ಕೆ ಅರ್ಪಿಸಲು ಯೋಗ್ಯವಾದುದನ್ನೇ ಅರ್ಪಿಸಬೇಕೆಂದು ಬಲ್ಲ ಭಕ್ತನಿಗೆ ಇದನ್ನು ಕಾನೂನು ಕಲಿಸಬೇಕಾಗಿಲ್ಲ. ಬಳಸಿದ ವಸ್ತುವನ್ನು ಕೊಡುವುದು ಕೀಳೆಂದು ಇದರ ಅರ್ಥವಲ್ಲ. ಒಗೆದು, ಗುಂಡಿ ಹೊಲಿದು, ಮಡಿಸಿ ಕೊಟ್ಟ ಹಳೆಯ ಕೋಟು ಒಂದು ಮಗುವಿನ ಚಳಿಯನ್ನು ಕಳೆಯುತ್ತದೆ. ಆ ಮಡಿಕೆಯಲ್ಲಿಯೇ ಕೊಡುವವನ ಭಾವ ತಿಳಿಯುತ್ತದೆ.

ದಾಸೋಹವು ತನು, ಮನ, ಧನ ಮೂರರಿಂದಲೂ ನಡೆಯಬೇಕೆಂಬುದು ಶರಣರ ಬೋಧೆ. ಈ ಮೂರರಲ್ಲಿ ಸರಕಾರದ ಲೆಕ್ಕಕ್ಕೆ ಸಿಗುವುದು ಧನವೊಂದೇ. ಅಮೆರಿಕದ ಕಟ್ಟಳೆಯಂತೆ ಒಬ್ಬನು ಅನಾಥಾಲಯದಲ್ಲಿ ವರ್ಷವಿಡೀ ದುಡಿದರೂ ಆ ವೇಳೆಗೆ, ಆ ಸೇವೆಗೆ ಕಡಿತವಿಲ್ಲ. ರಕ್ತದಾನ ಮಾಡಿದರೂ ಇಲ್ಲ. ಆದರೂ ದುಡಿಯುವವರು ದುಡಿಯುತ್ತಿದ್ದಾರೆ, ರಕ್ತ ಕೊಡುವವರು ಕೊಡುತ್ತಿದ್ದಾರೆ. ಕಾಗದದ ಮೇಲೆ ಬರೆಯಲಾಗದ ಈ ಎರಡು ಪಾಲುಗಳು ಬರೆಯಬಹುದಾದ ಪಾಲನ್ನು ಹೇಗೆ ಕೊಡಬೇಕೆಂಬುದಕ್ಕೆ ಮಾದರಿಯಾಗಿವೆ.

ಭಾರತದಲ್ಲಿ ಈ ವಿಷಯದ ಕಾನೂನು ಬೇರೆ. 1961ರ ಆದಾಯ ತೆರಿಗೆ ಕಾನೂನಿನ 80ಜಿ ಕಲಮಿನಂತೆ ಮಂಜೂರಾದ ಸಂಸ್ಥೆಗಳಿಗೆ ಹಣದ ರೂಪದಲ್ಲಿ ಕೊಟ್ಟರೆ ಮಾತ್ರ ಕಡಿತವುಂಟು, ವಸ್ತುವಿಗಿಲ್ಲ. ಕೈಯಿಂದ ಕೊಡುವ ನಗದು ಕೂಡ 2017ರ ತಿದ್ದುಪಡಿಯಂತೆ 2000 ರೂಪಾಯಿಯನ್ನು ಮೀರಿದರೆ ಲೆಕ್ಕಕ್ಕೆ ಬಾರದು. ಚೆಕ್ಕಿನಂತಹ ಮಾರ್ಗದಿಂದಲೇ ಕೊಡಬೇಕು. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ 2025ರಲ್ಲಿ ಅಂಗೀಕೃತವಾದ ಹೊಸ ಕಾನೂನಿನಲ್ಲಿಯೂ ಈ ನಿಯಮ ಉಳಿದಿದೆ. ಆದುದರಿಂದ ಸುಗ್ಗಿಯ ಕಾಲದಲ್ಲಿ ಮಠದ ದಾಸೋಹಕ್ಕೆ ಜೋಳದ ಚೀಲ, ಬೇಳೆ, ಬೆಲ್ಲ ತಂದು ಒಪ್ಪಿಸುವ ಭಕ್ತನಿಗೆ ತೆರಿಗೆಯಲ್ಲಿ ಒಂದು ಕಾಸೂ ಇಳಿಯುವುದಿಲ್ಲ. ತುಮಕೂರಿನ ಸಿದ್ಧಗಂಗೆಯಂತಹ ಮಠಗಳಲ್ಲಿ ಸಾವಿರಾರು ಮಕ್ಕಳ ಊಟಕ್ಕೆ ರೈತರು ತರುವ ದವಸ, ತೆಂಗು, ತರಕಾರಿಗಳು ಹೀಗೆ ಬಂದವುಗಳೇ.

ಆದರೂ ಇಲ್ಲಿ ಪರೀಕ್ಷೆ ಇಲ್ಲವೆಂದಲ್ಲ. ಹತ್ತು ಚೀಲ ಅಕ್ಕಿಯನ್ನು ಕೊಟ್ಟ ವ್ಯಾಪಾರಿಯೊಬ್ಬನು, ಅದನ್ನು ಹಣವೆಂದು ಬರೆದು ರಶೀದಿ ಕೊಡಿರೆಂದು ಮಠದ ಗುಮಾಸ್ತನನ್ನು ಕೇಳಬಹುದು. ದೊಡ್ಡ ಭಕ್ತರು, ಇಲ್ಲವೆನ್ನುವುದು ಹೇಗೆ ಎಂದು ಗುಮಾಸ್ತನಿಗೆ ತೋರಬಹುದು. ಆಗ ಇಲ್ಲವೆನ್ನುವುದೇ ಧರ್ಮ. ಸುಳ್ಳು ರಶೀದಿಯಿಂದ ಕೊಟ್ಟವನ ಪುಣ್ಯವೂ ಕೆಡುತ್ತದೆ, ಮಠದ ಭಂಡಾರವೂ ಮೈಲಿಗೆಯಾಗುತ್ತದೆ. ಕಡಿತ ಬೇಕಾದವನು ಕಾನೂನು ಹೇಳಿದ ಮಾರ್ಗದಿಂದ ಹಣವನ್ನೇ ಕೊಡಲಿ, ಅದರಿಂದ ಮಠವೇ ಅಕ್ಕಿ ಕೊಳ್ಳಲಿ. ಅಕ್ಕಿಯನ್ನೇ ಕೊಡಬೇಕೆಂಬ ಹಂಬಲವಿದ್ದವನು ಕಡಿತದ ಆಸೆಯನ್ನು ಬಿಡಲಿ. ಎರಡೂ ಒಳ್ಳೆಯ ದಾರಿಗಳೇ. ಇವೆರಡರ ನಡುವೆ ಕಳ್ಳದಾರಿ ಬೇಡ.

ಹಾಗಾದರೆ ಕಾನೂನು ಕೊಟ್ಟ ಕಡಿತವನ್ನು ಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಅಮೆರಿಕದ ಗೃಹಸ್ಥನು ದಾಸೋಹಿಯಾಗಬಲ್ಲನೆ? ಆಗಬಲ್ಲನು. ಸರಕಾರವು ತಾನಾಗಿ ಬಿಟ್ಟುಕೊಟ್ಟುದನ್ನು ಸ್ವೀಕರಿಸುವುದರಲ್ಲಿ ದೋಷವಿಲ್ಲ. ಉಳಿದ ಹಣವನ್ನು ಮತ್ತೆ ದಾಸೋಹಕ್ಕೆ ಸಲ್ಲಿಸಿದರಂತೂ ಅದು ಮತ್ತಷ್ಟು ಒಳ್ಳೆಯದು. ಆದರೆ ಅವನು ತನ್ನನ್ನು ತಾನು ಒಂದು ಮಾತು ಕೇಳಿಕೊಳ್ಳಬೇಕು. ಈ ಕಡಿತವು ನಾಳೆ ರದ್ದಾದರೆ ಈ ಗಂಟನ್ನು ಹೊತ್ತುಕೊಂಡು ಹೋಗುವ ಕಾಲು ಹಿಂಜರಿಯುವುದೆ? ಜೋಳದ ಚೀಲವನ್ನು ಗಾಡಿಗೆ ಏರಿಸುವ ಭಕ್ತನು ಈ ಪ್ರಶ್ನೆಗೆ ಪ್ರತಿ ಸುಗ್ಗಿಯಲ್ಲಿಯೂ ಉತ್ತರ ಕೊಡುತ್ತಲೇ ಬಂದಿದ್ದಾನೆ. ಆ ಉತ್ತರವನ್ನೇ ಕೊಡಬಲ್ಲವನು ನಿಶ್ಚಿಂತನಾಗಿ ನಮೂನೆಯನ್ನು ತುಂಬಲಿ. ಏನು ಕೊಟ್ಟೆ, ಅದು ಯಾವ ಸ್ಥಿತಿಯಲ್ಲಿತ್ತು, ಅಪರಿಚಿತನೊಬ್ಬನು ಅದಕ್ಕೆ ಎಷ್ಟು ಕೊಟ್ಟಾನು ಎಂಬುದನ್ನು ಇದ್ದಂತೆ ಬರೆಯಲಿ. ಸಂಶಯ ಬಂದಲ್ಲಿ ಕಡಿಮೆಯ ಅಂಕಿಯನ್ನೇ ಬರೆಯಲಿ. ಬೆಲೆಯ ಜಾಗಕ್ಕೆ ಲೇಖನಿ ಬಂದಾಗ ಲಕ್ಕಮ್ಮನವರು ಮನೆಯ ಬಾಗಿಲಲ್ಲಿ ನಿಂತು ಅಕ್ಕಿಯ ಗಂಟನ್ನು ನೋಡುತ್ತಿದ್ದಾರೆಂದು ನೆನೆಯಲಿ. ಅವರು ಒಳಗೆ ತರಲು ಒಪ್ಪುವಷ್ಟನ್ನು ಮಾತ್ರ ಬರೆದರೆ, ಆ ಕಾಗದವೂ ದಾಸೋಹದ ಒಂದು ಅಂಗವಾಗುವುದು.