ಮೂರು ಮನೆಯ ಆಯಮ್ಮನ ಬಾಕಿ

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ಗಡಿಯಾಚೆ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಅವನ ಹದಿನಾಲ್ಕು ಪ್ರಧಾನ ಶಾಸನಗಳೂ ಸಿಗುತ್ತವೆ. ಅವುಗಳಲ್ಲಿ ಒಂಬತ್ತನೆಯದು ಮನೆವಾರ್ತೆಯ ಮಾತಾಡುತ್ತದೆ. ಕಾಯಿಲೆ ಬಿದ್ದಾಗ, ಮದುವೆಯಲ್ಲಿ, ಮಗು ಹುಟ್ಟಿದಾಗ ಜನ ಮಾಡುವ ಮಂಗಳಕಾರ್ಯಗಳ ಫಲ ಅಲ್ಪ; ದಾಸರನ್ನೂ ಆಳುಗಳನ್ನೂ ಸರಿಯಾಗಿ ನಡೆಸಿಕೊಳ್ಳುವುದು, ಗುರುಹಿರಿಯರನ್ನು ಗೌರವಿಸುವುದು ಇವೇ ದೊಡ್ಡ ಫಲ ಕೊಡುವ ಮಂಗಳ ಎಂಬುದು ಅದರ ಸಾರ.

ಇಪ್ಪತ್ತೆರಡು ಶತಮಾನಗಳಾಚೆಯ ಈ ಮಾತು ಇಂದಿನ ತೊಟ್ಟಿಲಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ಬಳ್ಳಾರಿಯ ಗಾಂಧಿನಗರದಂಥ ಬಡಾವಣೆಯಲ್ಲಿ ದುಡಿಯುವ ಒಬ್ಬ ಆಯಮ್ಮನ ದಿನವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಒಂದು ಮನೆಯಲ್ಲಿ ಕೂಸಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು ಮಲಗಿಸುತ್ತಾಳೆ. ಮಧ್ಯಾಹ್ನ ಎರಡನೆಯ ಮನೆಯ ಮಗುವಿಗೆ ರಾಗಿ ಸರಿ ತಿನ್ನಿಸುತ್ತಾಳೆ. ಸಂಜೆ ಮೂರನೆಯ ಮನೆಯಲ್ಲಿ, ಅಪ್ಪ ಅಮ್ಮ ಡ್ಯೂಟಿ ಮುಗಿಸಿ ಬರುವವರೆಗೆ ಮಗು ಅವಳ ಕಂಕುಳಲ್ಲೇ. ಮೂರು, ಮೂರು, ನಾಲ್ಕು ಸಾವಿರ ಸೇರಿ ತಿಂಗಳಿಗೆ 10,000 ರೂಪಾಯಿ ಅಂದುಕೊಳ್ಳೋಣ. ದುಡಿಮೆ ದಿನವಿಡೀ ಉಂಟು, ಕಾಗದದ ಮೇಲೆ ಮಾತ್ರ ಧಣಿ ಎನ್ನುವವರು ಯಾರೂ ಇಲ್ಲ. ‘ನಮ್ಮನಿಗೆ ಬರೋದು ಎರಡೇ ತಾಸು’ ಎಂದು ಒಂದೊಂದು ಮನೆಯೂ ಹೇಳುತ್ತದೆ. ಅದು ಸುಳ್ಳಲ್ಲ. ಆದರೆ ಹೊಣೆ ಮೂರು ಕಡೆ ಹಂಚಿಹೋದ ಮಾತ್ರಕ್ಕೆ ಇಲ್ಲವಾಗುತ್ತದೆಯೇ?

ಕಾನೂನು ಬಹುಕಾಲ ಹೌದೆಂದೇ ಉತ್ತರಿಸಿತು. ಪಿಎಫ್‌ಗೆ ಸಾಮಾನ್ಯವಾಗಿ 20 ಜನ ನೌಕರರಿರಬೇಕು, ಇಎಸ್‌ಐಗೆ 10. ಯಾವ ಮನೆಯೂ ಆ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದಲ್ಲೂ ಇಂಥದೇ ಒಂದು ಕಂಡಿ ಇದೆ. ಅಲ್ಲಿ ದಾದಿಯ ಸಂಬಳದ ಮೇಲೆ ಸೋಷಿಯಲ್ ಸೆಕ್ಯುರಿಟಿ ಎಂಬ ಪಿಂಚಣಿಗೂ ಮೆಡಿಕೇರ್ ಎಂಬ ಆರೋಗ್ಯ ವಿಮೆಗೂ ಸೇರಿ ಶೇ 15.3 ತೆರಿಗೆ, ಧಣಿಗೆ ಅರ್ಧ, ದಾದಿಗೆ ಅರ್ಧ. ಆದರೆ 2025ರಲ್ಲಿ ಒಂದೇ ಮನೆ ವರ್ಷಕ್ಕೆ ಕನಿಷ್ಠ 2,800 ಡಾಲರ್ ಕೊಟ್ಟರೆ ಮಾತ್ರ ಅದು ಅನ್ವಯವಾಗುತ್ತಿತ್ತು. ನಾಲ್ಕು ಮನೆಗಳಲ್ಲಿ ತಲಾ 2,500 ಡಾಲರ್ ದುಡಿದವಳ ಹೆಸರಿಗೆ ಆ ವರ್ಷ ಪಿಂಚಣಿಯ ಲೆಕ್ಕದಲ್ಲಿ ಏನೂ ಜಮೆಯಾಗುತ್ತಿರಲಿಲ್ಲ.

ಹಳೆಯ ಹಳ್ಳಿಗಳಿಗೆ ಇಂಥ ದುಡಿಮೆ ಹೊಸದಲ್ಲ. ವಿಜಯನಗರ ಕಾಲದ ಆಯಗಾರ ಪದ್ಧತಿಯಲ್ಲಿ ಕಮ್ಮಾರ, ಬಡಗಿ, ಅಗಸ ಇಡೀ ಊರಿಗೆ ದುಡಿಯುತ್ತಿದ್ದರು. ಸುಗ್ಗಿಯಲ್ಲಿ ಕಣಕಣದಿಂದ ಅವರಿಗೆ ಪಾಲು ಬರುತ್ತಿತ್ತು, ಮಾನ್ಯದ ಭೂಮಿಯೂ ಇರುತ್ತಿತ್ತು. ಜಾತಿಗೆ ಕಟ್ಟಿಹಾಕಿದ ಆ ವ್ಯವಸ್ಥೆ ಮರಳಿ ಬರಬೇಕಿಲ್ಲ. ಆದರೂ ಅನೇಕರಿಗೆ ದುಡಿಯುವವರ ಪಾಲನ್ನು ಅನೇಕರೂ ಸೇರಿ ಹೊರಬೇಕೆಂಬುದನ್ನು ಅದು ಒಪ್ಪಿತ್ತು.

‘ಹಬ್ಬಕ್ಕೆ ಸೀರೆ ಕೊಡ್ತೀವಲ್ಲ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೊಡುವವರ ಪ್ರೀತಿ ನಿಜ. ಆದರೆ ಸೀರೆ ದಾನ. ಮುಪ್ಪಿನ ಅನ್ನ ಬಾಕಿ. ಕುರುಗೋಡಿನ ದೊಡ್ಡ ಬಸವೇಶ್ವರನಿಗೆ ನಡೆದುಕೊಳ್ಳುವ ಈ ಸೀಮೆಗೆ ಶರಣರ ಕಥೆ ಹೊಸದಾಗಿ ಹೇಳಬೇಕಿಲ್ಲ. ಶರಣ ಮಾರಯ್ಯ ಒಮ್ಮೆ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬರುವಂತೆ ಹೆಂಡತಿ ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಆಯಮ್ಮನಿಗೆ ಸಲ್ಲಬೇಕಾದ ಪಾಲು ಧಣಿಯ ಖಾತೆಯಲ್ಲಿ ಉಳಿದರೆ, ಅದೂ ಅಂಥ ಹೆಚ್ಚಿನ ಅಕ್ಕಿಯೇ.

ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿತು. ಗೃಹ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು 2025ರಲ್ಲಿ ರಾಜ್ಯ ಪ್ರಕಟಿಸಿದ ಕರಡು ಮಸೂದೆ ಇನ್ನೂ ಮುಂದೆ ಹೋಗುತ್ತದೆ. ಕೂಲಿಯ ಶೇ 5ರವರೆಗೆ ಕಲ್ಯಾಣ ಶುಲ್ಕವನ್ನು ಕೆಲಸ ಕೊಟ್ಟವರು ಕಟ್ಟಬೇಕೆಂಬುದು ಅದರ ಪ್ರಸ್ತಾವ. ಮೇಲಿನ ಮೂರು ಮನೆಗಳಿಗೆ ಅದನ್ನು ಅನ್ವಯಿಸಿದರೆ ಹೆಚ್ಚೆಂದರೆ 150, 150, 200 ರೂಪಾಯಿ. ಅವಳ ಹೆಸರಿಗೆ ತಿಂಗಳಿಗೆ 500. ಎರಡು ತಾಸಿನ ಧಣಿಗೆ ಎರಡು ತಾಸಿನಷ್ಟೇ ಹೊಣೆ. ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ.

ಕಾಯ್ದೆಯಡಿ ಹೆಸರು ಬರೆಸಿದರೆ ರೇಷನ್ ಕಾರ್ಡ್ ಹೋದೀತು, ಧಣಿಗಳು ಕೆಲಸ ಬಿಡಿಸಿಯಾರು ಎಂಬ ಭಯ ದುಡಿಯುವವರಲ್ಲಿದೆ. ಅದನ್ನು ಹಗುರಾಗಿ ಕಾಣಬಾರದು. ಶುಲ್ಕವನ್ನು ಸಂಬಳದಿಂದ ಮುರಿದುಕೊಳ್ಳಲೂಬಾರದು.

ಕಾಯ್ದೆಗೆ ಕಾಯದೆ ಮಾಡಬಹುದಾದ್ದೂ ಇದೆ. 2019ರ ಶ್ರಮ ಯೋಗಿ ಮಾನ್‌ಧನ್ ಯೋಜನೆಗೆ 18ರಿಂದ 40ರೊಳಗಿನ, ತಿಂಗಳಿಗೆ 15,000 ರೂಪಾಯಿವರೆಗೆ ದುಡಿಯುವ ಅಸಂಘಟಿತ ಕಾರ್ಮಿಕರು ಸೇರಬಹುದು. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಂತು. ಅಷ್ಟನ್ನೇ ಕೇಂದ್ರ ಸರ್ಕಾರ ಸೇರಿಸುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ಕಂತು 200 ಇದ್ದರೂ ಮೂರು ಮನೆಗಳಿಗೆ ತಲಾ 70 ರೂಪಾಯಿಯೂ ಬೀಳದು. ಮೂರೂ ಮನೆಯವರು ಒಮ್ಮೆ ಮಾತಾಡಿಕೊಂಡರೆ ಸಾಕು, ಇದನ್ನು ಈ ತಿಂಗಳೇ ಶುರು ಮಾಡಬಹುದು. ಆದರೆ ಒಂದು ಮನೆಯವರು ವರ್ಗವಾಗಿ ಹೋದರೆ, ಇನ್ನೊಂದು ಮನೆಯ ಮಗು ಶಾಲೆಗೆ ಸೇರಿದರೆ ಆ ಕಂತು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಮನೆಗಳು ಬದಲಾದರೂ ಆಯಮ್ಮನ ಲೆಕ್ಕ ಬದಲಾಗದಂತೆ ನೋಡಿಕೊಳ್ಳುವ ಒಂದು ಮಂಡಳಿ ಬೇಕು, ಆ ಕರಡು ಮಸೂದೆ ಕಾಯ್ದೆಯಾಗಬೇಕು.