ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು?

ಊರಿನಿಂದ ನೆಂಟರು ಬಂದರೆ ನಮ್ಮಂಥ ಹೊರನಾಡಿನವರಿಗೆ ಹಿಗ್ಗು ಎಷ್ಟೋ ಚಿಂತೆಯೂ ಅಷ್ಟೇ. ಕೈಯಲ್ಲಿರುವುದು ಒಂದೇ ದಿನ. ಏನನ್ನು ತೋರಿಸುವುದು, ಏನನ್ನು ಬಿಡುವುದು? ಇದು ಕೇವಲ ಅನುಕೂಲದ ಮಾತೆಂದೇ ನಾನು ಬಹುಕಾಲ ಎಣಿಸಿದ್ದೆ. ಇದರಲ್ಲಿ ಧರ್ಮಾಧರ್ಮದ ಪ್ರಶ್ನೆಯೂ ಇದೆಯೆಂದು ಹೊಳೆದದ್ದು ಹೊಸಪೇಟೆಯಿಂದ ನಮ್ಮ ದೊಡ್ಡಪ್ಪ ಬಂದಾಗ.

ನಾವಿರುವ ನ್ಯೂ ಟೌನ್ ಹೆಸರಿಗೆ ತಕ್ಕಂತೆ ಹೊಸ ಊರು. 2012ರಲ್ಲಿ ತೆರೆದ ಇಲ್ಲಿನ ಇಕೋ ಪಾರ್ಕಿನಲ್ಲಿ ಜಗತ್ತಿನ ಏಳು ಅದ್ಭುತಗಳ ಪ್ರತಿಕೃತಿಗಳಿವೆ. ತಾಜಮಹಲು, ಪಿರಮಿಡ್ಡು, ಕೊಲೋಸಿಯಂ, ಚೀನದ ಮಹಾಗೋಡೆ ಎಲ್ಲವನ್ನೂ ಒಂದೇ ಸಂಜೆ ಸುತ್ತಿ ಬರಬಹುದು. ಮಕ್ಕಳಿಗಂತೂ ಅದೇ ಬೇಕು.

ಇನ್ನೊಂದು ದಾರಿಯೂ ಇದೆ. ಕೊಲ್ಕತ್ತಾದಿಂದ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಬೇಡಾಚಾಂಪಾದ ಹತ್ತಿರ, ಚಂದ್ರಕೇತುಗಢವೆಂಬ ಪುರಾತನ ನಗರದ ಅವಶೇಷವಿದೆ. ಎರಡು ಸಾವಿರ ವರ್ಷಗಳ ಹಿಂದೆ ಅದು ವ್ಯಾಪಾರದ ಪಟ್ಟಣವಾಗಿತ್ತು. ಕಲ್ಕತ್ತಾ ವಿಶ್ವವಿದ್ಯಾಲಯದ ಆಶುತೋಷ್ ಮ್ಯೂಸಿಯಂನವರು 1950ರ ದಶಕದಲ್ಲಿ ಅಲ್ಲಿ ಉತ್ಖನನ ಆರಂಭಿಸಿದರು. ಈಗ ಕಾಣುವುದು ಮಣ್ಣಿನ ಕೋಟೆಯ ಏರಿ, ಮತ್ತು ಖನಾ-ಮಿಹಿರರ ದಿಬ್ಬವೆಂದು ಜನ ಕರೆಯುವ ಕಡೆ ಇಟ್ಟಿಗೆಯ ದೇಗುಲವೊಂದರ ಅಡಿಪಾಯ. ಅಷ್ಟೇ.

"ಅಲ್ಲಿ ನೋಡಲಿಕ್ಕೆ ಏನೂ ಇಲ್ಲ, ದೊಡ್ಡಪ್ಪ," ಎಂದೆ.

ಅವರು ನಕ್ಕರು. "ಹಂಪಿಗೆ ಬಂದವರೆಲ್ಲ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಾರಪ್ಪ. ಅದು ಐವತ್ತು ರೂಪಾಯಿ ನೋಟಿನ ಮೇಲೂ ಬಂದಿದೆ. ಆದರೆ ಯಾರೂ ಕಾಲಿಡದ ಸಣ್ಣ ಗುಡಿಗಳಿಗೆ ರಾತ್ರಿ ಹೊತ್ತು ಬರುವವರು ನಿಧಿ ಅಗೆಯುವವರು. ನೋಡುವವರಿಲ್ಲದ ಜಾಗಕ್ಕೆ ಕಾಯುವವರೂ ಇರುವುದಿಲ್ಲ."

ಆ ಮಾತು ಮನಸ್ಸಿಗೆ ನಾಟಿತು. ಚಂದ್ರಕೇತುಗಢದ ಕಥೆಯೂ ಅದೇ. ಅಲ್ಲಿನ ಅಪರೂಪದ ಸುಟ್ಟ ಮಣ್ಣಿನ ಗೊಂಬೆಗಳು ಎಷ್ಟೋ ಕಳ್ಳದಾರಿಯಲ್ಲಿ ಸಾಗಿ ಪರದೇಶದ ಸಂಗ್ರಹಗಳನ್ನು ಸೇರಿವೆ. ಕದ್ದವರದು ತಪ್ಪು, ನಿಜ. ಆದರೆ "ಅಲ್ಲಿ ಏನೂ ಇಲ್ಲ" ಎಂದು ನಾವು ಹೇಳುತ್ತ ಬಂದದ್ದು ಅವರಿಗೆ ಅನುಕೂಲವಾಗಲಿಲ್ಲವೇ?

ಹಾಗೆಂದು ಪ್ರತಿಕೃತಿಗಳನ್ನು ಹಳಿಯುವುದು ಸರಿಯಲ್ಲ. ಈಜಿಪ್ಟಿಗೆ ಹೋಗಲಾರದ ಅಜ್ಜಿ ಮೊಮ್ಮಗನ ಕೈ ಹಿಡಿದು ಪಿರಮಿಡ್ಡಿನ ಮುಂದೆ ನಿಂತು ಹಿಗ್ಗಿದರೆ ಆ ಹಿಗ್ಗು ನಕಲಿಯಲ್ಲ. ಮಂಡಿನೋವಿನ ಹಿರಿಯರನ್ನು ಇತಿಹಾಸದ ಹೆಸರಿನಲ್ಲಿ ಬಿಸಿಲಿಗೆ ಎಳೆದೊಯ್ಯುವುದೂ ಧರ್ಮವಲ್ಲ. ಆದರೆ ಪ್ರತಿಕೃತಿ ಶಿಥಿಲವಾದರೆ ಮತ್ತೊಂದನ್ನು ಕಟ್ಟಬಹುದು. ಹಳೆಯ ದಿಬ್ಬ ಕರಗಿದರೆ ಮರಳಿ ಬಾರದು. ನಮ್ಮ ಅಗತ್ಯ ಯಾವುದಕ್ಕೆ ಹೆಚ್ಚು ಎಂಬುದನ್ನೂ ಆಯ್ಕೆಯ ಲೆಕ್ಕದಲ್ಲಿ ಹಿಡಿಯಬೇಕು.

ಕೊನೆಗೆ ಬೆಳಿಗ್ಗೆ ದಿಬ್ಬಕ್ಕೂ ಸಂಜೆ ಪಾರ್ಕಿಗೂ ಹೋದೆವು. ಉಳಿದದ್ದನ್ನೆಲ್ಲ ಬಿಟ್ಟೆವು. ದಿಬ್ಬದ ಬಳಿ ಮಕ್ಕಳು ಮೊದಲು ಬೇಸರಪಟ್ಟರು. ದೊಡ್ಡಪ್ಪ ಇಟ್ಟಿಗೆಯ ಸಾಲುಗಳನ್ನು ತೋರಿಸಿ, "ಇಲ್ಲಿ ಬಾಗಿಲು ಎಲ್ಲಿದ್ದೀತು, ಹೇಳಿ ನೋಡೋಣ" ಎಂದಾಗ ಸುತ್ತಲೂ ಹುಡುಕತೊಡಗಿದರು. ಅಷ್ಟು ಹೊತ್ತಾದರೂ ಆ ಜಾಗಕ್ಕೆ ನಾಲ್ಕು ಜೊತೆ ಕಣ್ಣುಗಳ ಕಾವಲಿತ್ತು.

ಎಲ್ಲವನ್ನೂ ನೋಡುವುದು ಯಾರಿಂದಲೂ ಆಗದು, ಬಿಟ್ಟದ್ದಕ್ಕೆ ನಾಚಬೇಕಾಗಿಯೂ ಇಲ್ಲ. ಮುಂದೆ ನಿಮ್ಮ ಮನೆಗೆ ನೆಂಟರು ಬಂದಾಗ ಹೆಸರಾದ ಒಂದರ ಜೊತೆಗೆ ಯಾರೂ ಕೇಳದ ಒಂದನ್ನೂ ಪಟ್ಟಿಯಲ್ಲಿ ಸೇರಿಸಿ ಎಂಬುದಷ್ಟೇ ನನ್ನ ಅರಿಕೆ.