ಹಲವು ಬಣ್ಣದ ಬಟ್ಟೆಗೆ ಯಾವ ಬಣ್ಣ?

ಕೆಂಪು, ನೀಲಿ, ಹಳದಿ ನೂಲುಗಳಿಂದ ನೇಯ್ದ ಬಟ್ಟೆಯ ಬಣ್ಣ ಯಾವುದು? ಭಾರತೀಯ ತತ್ತ್ವಶಾಸ್ತ್ರದ ನ್ಯಾಯ-ವೈಶೇಷಿಕ ಪಂಥದವರನ್ನು ಬಹುಕಾಲ ಕಾಡಿದ ಪ್ರಶ್ನೆಯಿದು. ಅವರ ಮತದಲ್ಲಿ ಬಟ್ಟೆ ಎಂದರೆ ಬರೀ ನೂಲಿನ ರಾಶಿಯಲ್ಲ. ನೂಲುಗಳಲ್ಲಿ ನೆಲೆಸಿದ ಬೇರೆಯೇ ಒಂದು ದ್ರವ್ಯ, ‘ಅವಯವಿ’. ದ್ರವ್ಯ ಒಂದಾದ ಮೇಲೆ ಅದರ ಬಣ್ಣವೂ ಒಂದೇ ಆಗಿರಬೇಕು, ಬಟ್ಟೆಯನ್ನೆಲ್ಲ ವ್ಯಾಪಿಸಿರಬೇಕು. ಅದಕ್ಕಾಗಿಯೇ ‘ಚಿತ್ರರೂಪ’ ಎಂಬ ಪ್ರತ್ಯೇಕ ಬಣ್ಣವನ್ನು ಒಪ್ಪಿಕೊಂಡರು. ಅನ್ನಂಭಟ್ಟನ ‘ತರ್ಕಸಂಗ್ರಹ’ ಎಣಿಸುವ ಏಳು ಬಣ್ಣಗಳಲ್ಲಿ ಅದೂ ಒಂದು. ಬೌದ್ಧ ತಾರ್ಕಿಕರು ಇದನ್ನು ಒಪ್ಪಲಿಲ್ಲ: ಬಣ್ಣ ಹಲವಾದರೆ ‘ಒಂದು ಬಟ್ಟೆ’ ಎಂಬುದೇ ಬರಿಯ ಕಲ್ಪನೆ. ನೈಯಾಯಿಕನೇ ಆಗಿದ್ದ ರಘುನಾಥ ಶಿರೋಮಣಿಯೂ, ಬಣ್ಣ ವಸ್ತುವಿನ ಒಂದು ಭಾಗದಲ್ಲಷ್ಟೇ ಇರಬಹುದೆಂದು ವಾದಿಸಿ ಚಿತ್ರರೂಪವನ್ನು ಕೈಬಿಟ್ಟ.

ಪಂಡಿತರ ಹಳೇ ಜಗಳವೆಂದು ಇದನ್ನು ಬದಿಗಿಡುವ ಮೊದಲು ಒಂದು ಹರಳನ್ನು ನೋಡಬೇಕು.

ಬಿಸ್ಮತ್, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ, ತಾಮ್ರ, ಆಮ್ಲಜನಕ ಸೇರಿದ ಹರಳದು. ಸುಮಾರು 90 ಕೆಲ್ವಿನ್‌ಗಿಂತ, ಅಂದರೆ ಮೈನಸ್ 183 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಗೆ ತಣಿಸಿದರೆ ವಿದ್ಯುತ್ತು ಎಳ್ಳಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಇಂಥ ‘ಉಚ್ಚತಾಪ ಅತಿವಾಹಕ’ಗಳ ಕುಲಕ್ಕೆ ಮೊದಲಿನದನ್ನು 1986ರಲ್ಲಿ ಕಂಡವರು ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದ ಬೆಡ್ನೋರ್ಜ್ ಮತ್ತು ಮ್ಯೂಲರ್. ಹರಳಿನ ಮೈಯನ್ನು ಪರಮಾಣು ಪರಮಾಣುವಾಗಿ ತಡಕಬಲ್ಲ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕ ಹುಟ್ಟಿದ್ದೂ ಅದೇ ಪ್ರಯೋಗಾಲಯದಲ್ಲಿ.

ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗುತ್ತವೆ. ಜೋಡಿ ಮುರಿಯಲು ಎಲೆಕ್ಟ್ರಾನ್ ಒಂದಕ್ಕೆ ಬೇಕಾದ ಶಕ್ತಿಗೆ ‘ಶಕ್ತಿ ಅಂತರ’ವೆಂದು ಹೆಸರು. ಮಾಮೂಲಿ ಅತಿವಾಹಕದಲ್ಲಿ ಎಲ್ಲಿ ಅಳೆದರೂ ಅದು ಒಂದೇ. 2001ರಲ್ಲಿ ಭೌತವಿಜ್ಞಾನಿ ಶೇಮಸ್ ಡೇವಿಸ್ ಮತ್ತು ಸಂಗಡಿಗರು ಈ ಬಿಸ್ಮತ್ ಹರಳಿನಲ್ಲಿ ಅಂಥ ಸೂಕ್ಷ್ಮದರ್ಶಕದಿಂದ ಅಳೆದಾಗ ಸಿಕ್ಕ ನಕ್ಷೆ ಮಾತ್ರ ಕೌದಿಯಂತಿತ್ತು. ಕೆಲವೇ ನ್ಯಾನೋಮೀಟರ್ ಅಗಲದ ತೇಪೆಗಳು; ಒಂದರಲ್ಲಿ ಅಂತರ ಸುಮಾರು 25 ಮಿಲಿ ಎಲೆಕ್ಟ್ರಾನ್‌ವೋಲ್ಟ್, ಇನ್ನೊಂದರಲ್ಲಿ 60ಕ್ಕೂ ಮಿಗಿಲು. 2007ರಲ್ಲಿ ಪ್ರಿನ್ಸ್‌ಟನ್‌ನ ಅಲಿ ಯಜ್ದಾನಿ ತಂಡ ಹರಳನ್ನು ಮೆಲ್ಲಗೆ ಬಿಸಿ ಮಾಡುತ್ತ ನೋಡಿತು. ಅಂತರ ಎಲ್ಲೆಡೆ ಒಟ್ಟಿಗೆ ಅಳಿಯಲಿಲ್ಲ. ಇಡೀ ಹರಳು ಅತಿವಾಹಕತೆ ಕಳೆದುಕೊಂಡ ಮೇಲೂ ಕೆಲವು ತಾಣಗಳಲ್ಲಿ ಅದು ಹಾಗೇ ಉಳಿದಿತ್ತು.

ಹಾಗಾದರೆ ಈ ಹರಳಿನ ಶಕ್ತಿ ಅಂತರ ಎಷ್ಟು? ಸರಾಸರಿ ತೆಗೆದು ಒಂದು ಅಂಕಿ ಹೇಳಬಹುದು, ಆದರೆ ಅದು ಚಿತ್ರರೂಪದಂತೆಯೇ ನಮ್ಮ ಅನುಕೂಲಕ್ಕೆ ಕೊಟ್ಟ ಹೆಸರು. ಇಲ್ಲಿ ರಘುನಾಥನ ಮಾತೇ ಸರಿ: ಅಂತರ ಆಯಾ ತಾಣದ್ದು. ತಡೆಯಿಲ್ಲದ ಹರಿವಿನ ಕತೆ ಬೇರೆ. ತೇಪೆ ತೇಪೆಯ ಜೋಡಿಗಳೂ ಒಂದೇ ಲಯದಲ್ಲಿ ಹೆಜ್ಜೆ ಹಾಕಿದಾಗಲಷ್ಟೇ ಅದು ಸಾಧ್ಯ; ಯಾವ ಒಂದು ಪರಮಾಣುವಿನಲ್ಲೂ ಅದನ್ನು ಹುಡುಕಲಾಗದು. ಆ ಗುಣಕ್ಕೆ ಅವಯವಿಯೇ ಬೇಕು. ಒಂದೇ ವಸ್ತುವಿನ ಒಂದು ಗುಣ ತಾಣಕ್ಕೆ ಸೇರಿದ್ದು, ಇನ್ನೊಂದು ಇಡಿಗೆ ಸೇರಿದ್ದು ಎನ್ನುವುದಾದರೆ ಬೌದ್ಧರೂ ನೈಯಾಯಿಕರೂ ತಂತಮ್ಮ ಪಾಲಿನ ಸತ್ಯವನ್ನು ಕಂಡಿದ್ದರು ಎನ್ನಬೇಕಾಗುತ್ತದೆ.

ತೇಪೆಗಳು ಬಂದದ್ದೆಲ್ಲಿಂದ? ಅತಿವಾಹಕತೆ ಬರಲೆಂದೇ ಈ ಹರಳಿಗೆ ತುಸು ಹೆಚ್ಚುವರಿ ಆಮ್ಲಜನಕ ಸೇರಿಸುತ್ತಾರೆ. ಆ ಪರಮಾಣುಗಳು ಎಲ್ಲೆಂದರಲ್ಲಿ ಕೂರುತ್ತವೆ. ಅಂತರ ಹೆಚ್ಚಿರುವ ತೇಪೆಗಳ ಬಳಿಯೇ ಅವು ಹೆಚ್ಚಾಗಿ ಕಂಡವೆಂದು 2005ರಲ್ಲಿ ಡೇವಿಸ್ ತಂಡ ತೋರಿಸಿತು. ಅವನ್ನು ಹೊರಹಾಕಿ ಹರಳನ್ನು ಸಮ ಮಾಡಹೊರಟರೆ ಕೈಗೆ ಬರುವುದು ವಿದ್ಯುತ್ತನ್ನೇ ಹರಿಯಗೊಡದ ಅವಾಹಕ.